ಹುಬ್ಬಳ್ಳಿ-ಧಾರವಾಡ ಕಡೆಯವ್ರು ಮೈಕ್ರೋಲೈಟ್ ವಿಮಾನ ಹಾರಿಸೋದು ಕಲಿಬೇಕಂದ್ರ ಏನೇನ್ ಮಾಡ್ಬೇಕು: ಮೊದಲಿಂದ ಕಡೀತನಕ

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸಣ್ಣ ವಿಮಾನ ತಾವ ಹಾರಿಸ್ಬೇಕು ಅನ್ನೋ ಆಸೆ ಇರೋ ಹುಡುಗ್ರು ಹುಡ್ಗ್ಯಾರು ಭಾಳ ಅದಾರ, ನಲವತ್ತು ದಾಟಿದ್ರೂ ಆ ಆಸೆ ಬಿಡಲಾರ್ದವ್ರೂ ಅದಾರ. ಆದ್ರ ಬಹಳಷ್ಟು ಮಂದಿ ಇದನ್ನ ಉಲ್ಟಾ ಹಿಡೀತಾರ, ಮೊದಲ ಯಾವುದೋ ಸ್ಕೂಲಿಗೆ ರೊಕ್ಕ ಕಟ್ಟತಾರ, ಆಮ್ಯಾಲ ಮೆಡಿಕಲ್ ಮಾಡಸ್ತಾರ, ಅದಾದ ಮ್ಯಾಲ ಲೈಸನ್ಸ್ ರೂಲ್ಸ್ ಓದತಾರ, ಎಲ್ಲಾ ಮುಗದ ಮ್ಯಾಲ ಗಾಳಿ-ಮಳಿ ಅಂದ್ರ ಏನು ಅಂತ ತಿಳ್ಕೊಳ್ಳಾಕ ಕುಂದರ್ತಾರ. ಇದನ್ನ ಪೂರ್ತಿ ತಿರುಗಿಸಿ ಹಾಕ್ರಿ. ಗಾಳಿ, ನಕ್ಷೆ, ಹವಾಮಾನ, ಲೆಕ್ಕ, ಮೆಡಿಕಲ್, ಕಾಗದಪತ್ರ ಇವೆಲ್ಲಾ ಊರಾಗ ಕುಂತ ಮುಗಸೋ ಕೆಲಸ. ಏರ್‌ಫೀಲ್ಡಿಗೆ ಹೋಗೋದು ಸ್ಟಿಕ್, ಅಂದ್ರ ವಿಮಾನ ನಡಸೋ ಕೋಲು, ಹಿಡಿಯಾಕ ಮಾತ್ರ. ಹಂಗ ಮಾಡಿದವ್ರಿಗೆ ಗಂಟಿಗಂಟಿಗೆ ಸುರಿಯೋ ರೊಕ್ಕದಾಗ ದೊಡ್ಡ ಪಾಲು ಉಳೀತೈತಿ, ಕಲಿಕೆನೂ ಗಟ್ಟಿ ಆಗ್ತೈತಿ.

ಮೊದಲ ಒಂದು ತಪ್ಪು ತಿಳುವಳಿಕಿ ತಗದಬಿಡೋಣ

ಯೂಟ್ಯೂಬ್‌ನಾಗ ಅಮೆರಿಕಾದ ವಿಡಿಯೋ ನೋಡಿ "ಅಲ್ಟ್ರಾಲೈಟಿಗೆ, ಅಂದ್ರ ಇಂಥಾ ಹಗುರ ವಿಮಾನಕ್ಕ, ಲೈಸನ್ಸ್ ಬೇಕಾಗಿಲ್ಲ" ಅಂತ ನಂಬಿದವ್ರು ಅದಾರ. ಅದು ಅಲ್ಲೀ ರೂಲು. ಅಲ್ಲೆ ಪಾರ್ಟ್ 103 ಅಂತ ಒಂದು ನಿಯಮ ಐತಿ, ಒಂದ ಸೀಟು, ಖಾಲಿ ತೂಕ 254 ಪೌಂಡ್ ಅಂದ್ರ ಸುಮಾರು 115 ಕೆಜಿ ಒಳಗ ಇದ್ರ ಪೈಲಟ್ ಲೈಸನ್ಸ್ ಇಲ್ಲದ ಹಾರಿಸ್ಬಹುದು. ನಮ್ಮ ದೇಶದಾಗ ಹಂಗಿಲ್ಲ. ಇಲ್ಲೆ ಮೈಕ್ರೋಲೈಟ್ ಅಂದ್ರ ಬಹಳ ಮಾಡಿ ಎರಡು ಸೀಟಿಂದು, ಮಂದಿ-ಪೆಟ್ರೋಲ್ ಎಲ್ಲಾ ಸೇರಿ ತೂಕ ಸುಮಾರು 450 ಕೆಜಿ ಆಸುಪಾಸು ಇರೋ ವಿಮಾನ, ಅದು ಡಿಜಿಸಿಎ, ಅಂದ್ರ ದೇಶದ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಇಲಾಖೆ, ಕಡೆ ರಿಜಿಸ್ಟರ್ ಆಗಿ ವಿಟಿ ಅಂತ ಶುರುವಾಗೋ ನಂಬರ್ ಹೊತ್ತಿರ್ಬೇಕು, ಹಾರಿಸೋರ ಕೈಯಾಗ ಲೈಸನ್ಸ್ ಇರ್ಬೇಕು. ಮನೀ ಹಿತ್ತಲದಾಗ ಬೈಕ್ ಇಂಜಿನ್ ಹಾಕಿ ವಿಮಾನ ಕಟ್ಟಿ ಹೊಲದಾಗಿಂದ ಹಾರಿಸೋ ವಿಚಾರ ಇದ್ರ ದಯವಿಟ್ಟು ಬಿಟ್ಟಬಿಡ್ರಿ. ಕಾನೂನಿಂದ ಒಂದು ಕಡೆ ಇರ್ಲಿ, ರೆಕ್ಕಿ ಬೋಲ್ಟ್ ಒಂದು ಮುರದ್ರ ಕೆಳಗ ಬರೋರು ನೀವು, ಹೊಲದಾಗ ಕಸ ತಗಿಯೋ ಮಂದೀನೂ ಅಲ್ಲೇ ಇರ್ತಾರ.

ಎಂಥಾ ವಿಮಾನ ಕಲಿಬೇಕು

ಮೈಕ್ರೋಲೈಟ್‌ನಾಗ ಎರಡು ಜಾತಿ. ಒಂದು ಟ್ರೈಕ್: ಮ್ಯಾಲ ತ್ರಿಕೋನದ ಬಟ್ಟೀ ರೆಕ್ಕಿ, ಕೆಳಗ ಮೂರು ಗಾಲಿ ಬಂಡಿ, ಹಿಂದ ಇಂಜಿನ್, ಕೈಯಾಗ ಒಂದು ಅಡ್ಡ ಬಾರ್. ಇನ್ನೊಂದು ಸ್ಟಿಕ್ಕು, ರಡರ್ ಪೆಡಲ್, ಬಾಲ ಎಲ್ಲಾ ಇರೋ ಮಾಮೂಲಿ ವಿಮಾನದಂಥದ್ದು, ಅದಕ್ಕ ತ್ರೀ-ಆಕ್ಸಿಸ್ ಅಂತಾರ. ಇವೆರಡ್ರ ಕಂಟ್ರೋಲ್ ಒಂದಕ್ಕೊಂದು ಉಲ್ಟಾ. ತ್ರೀ-ಆಕ್ಸಿಸ್‌ನಾಗ ಸ್ಟಿಕ್ ನಿಮ್ಮ ಕಡೆ ಎಳದ್ರ ಮೂತಿ ಏಳ್ತೈತಿ, ಟ್ರೈಕಿನಾಗ ಬಾರ್ ಮುಂದ ದಬ್ಬಿದ್ರ ಮೂತಿ ಏಳ್ತೈತಿ, ನಿಮ್ಮ ಕಡೆ ಎಳದ್ರ ಸ್ಪೀಡ್ ಹೆಚ್ಚಾಗ್ತೈತಿ. ಟ್ರೈಕಿನ ಬಾರ್ ಬಲಕ್ಕ ಸರಿಸಿದ್ರ ನಿಮ್ಮ ಭಾರ ಎಡಕ್ಕ ಹೋಗಿ ವಿಮಾನ ಎಡಕ್ಕ ತಿರಗತೈತಿ. ನೆಲದ ಮ್ಯಾಲ ಮುಂದಿನ ಗಾಲಿ ತಿರಗಿಸೋ ಕಾಲಿನ ಕೆಲಸಾನೂ ಉಲ್ಟಾನ. ಅದಕ್ಕ ಎರಡನ್ನೂ ಕೂಡಿಸಿ ಕಲಿಯಾಕ ಹೋಗಬ್ಯಾಡ್ರಿ, ಕೈಗೆ ಒಂದ ರೂಢಿ ಬೀಳ್ಲಿ. ಮುಂದ ದೊಡ್ಡ ವಿಮಾನದ ಪಿಪಿಎಲ್ (ಖಾಸಗಿ ಪೈಲಟ್ ಲೈಸನ್ಸ್), ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸನ್ಸ್) ಮಾಡೋ ಮನಸ್ಸು ಇದ್ದವ್ರಿಗೆ ನನ್ನ ಅಭಿಪ್ರಾಯದಾಗ ತ್ರೀ-ಆಕ್ಸಿಸ್ಸೇ ಸರಿ.

ಒಂದು ಖುಷಿ ವಿಷಯ ಹೇಳ್ತೇನಿ. ನಮ್ಮ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಅನ್ನೋ ಕಂಪನಿ ಮಾಡಿದ ಎಕ್ಸ್-ಏರ್ ಅನ್ನೋ ಮೈಕ್ರೋಲೈಟ್ ಹೊರದೇಶದಾಗೂ ಹಾರೈತಿ. ಅಲ್ಯೂಮಿನಿಯಂ ಪೈಪು, ಮ್ಯಾಲ ಬಟ್ಟಿ, ರೋಟಾಕ್ಸ್ ಇಂಜಿನ್, ನೋಡಾಕ ಸಾದಾ, ಆದ್ರ ಕಲಿಯೋರಿಗೆ ಭಾಳ ಚಲೋ. ಎನ್‌ಸಿಸಿಗೆ ಬಂದಿದ್ದು ಪಿಪಿಸ್ಟ್ರೆಲ್ ವೈರಸ್ ಎಸ್‌ಡಬ್ಲ್ಯೂ 80, 2015ರಾಗ ವಾಯುಪಡೆ, ನೌಕಾಪಡೆ, ಎನ್‌ಸಿಸಿ ಮೂರಕ್ಕೂ ಕೂಡಿ 194 ವಿಮಾನ ಆರ್ಡರ್ ಮಾಡಿದ್ರು. ಇದನ್ನ ಯಾಕ ಹೇಳ್ತೇನಂದ್ರ, ನೀವು ಇನ್ನೂ ಹೈಸ್ಕೂಲ್ ಅಥವಾ ಕಾಲೇಜಿನಾಗ ಇದ್ರ ನಿಮ್ಮಲ್ಲೆ ಎನ್‌ಸಿಸಿ ಏರ್ ವಿಂಗ್ ಐತೇನು ಅಂತ ಮೊದಲ ಕೇಳ್ರಿ, ಯಾಕಂದ್ರ ಏರ್ ವಿಂಗ್ ಕೆಡೆಟ್‌ಗಳಿಗೆ ಮೈಕ್ರೋಲೈಟ್‌ನಾಗ ಕುಂದ್ರಿಸಿ ಹಾರಿಸ್ತಾರ, ಅದಕ್ಕ ರೊಕ್ಕ ಕಟ್ಟಬೇಕಾಗಿಲ್ಲ. ಮಗ ಮಗಳಿಗೆ ವಿಮಾನದ ಹುಚ್ಚು ಇರೋ ಅಪ್ಪ-ಅವ್ವಂದಿರು ಕಾಲೇಜ್ ಆರಿಸೋವಾಗ ಇದನ್ನ ತಲ್ಯಾಗ ಇಟ್ಕೋರಿ.

ಹೆಜ್ಜಿ ಒಂದು: ಮೆಡಿಕಲ್ ಮತ್ತ ಕಾಗದ

ಸ್ಟೂಡೆಂಟ್ ಪೈಲಟ್ ಲೈಸನ್ಸಿಗೆ 16 ವರ್ಷ ತುಂಬಿರ್ಬೇಕು, ಹತ್ತನೇತ್ತಿ ಪಾಸ್ ಆಗಿರ್ಬೇಕು. ಹವ್ಯಾಸಕ್ಕ ಹಾರಿಸೋರಿಗೆ ಬೇಕಾಗೋದು ಕ್ಲಾಸ್ 2 ಮೆಡಿಕಲ್, ಅದನ್ನ ಡಿಜಿಸಿಎ ಒಪ್ಪಿಗಿ ಇರೋ ಡಾಕ್ಟರ್ ಮಾತ್ರ ಮಾಡ್ಬೇಕು, ಅವರ ಪಟ್ಟಿ ಡಿಜಿಸಿಎ ವೆಬ್‌ಸೈಟ್‌ನಾಗ ಐತಿ. ಕಣ್ಣು, ಕಿವಿ, ಬಣ್ಣ ಗುರತಿಸೋದು, ಬಿಪಿ, ಶುಗರ್, ಇಸಿಜಿ ಎಲ್ಲಾ ನೋಡ್ತಾರ. ಚಸ್ಮಾ ಇದ್ರ ಹೆದರಬ್ಯಾಡ್ರಿ, ಚಸ್ಮಾ ಹಾಕ್ಕೊಂಡು ಹಾರಿಸೋ ಪೈಲಟ್‌ಗಳು ಬೇಕಾದಷ್ಟು ಮಂದಿ ಅದಾರ. ಬಣ್ಣ ಗುರತಿಸೋದ್ರಾಗ ತೊಂದ್ರಿ ಇದ್ರ, ಫಿಟ್ಸ್ ಬಂದ ಇತಿಹಾಸ ಇದ್ರ, ಹಾರ್ಟ್ ಪ್ರಾಬ್ಲಮ್ ಇದ್ರ ಆ ಮಾತು ಈಗ್ಲೇ ತಿಳೀಲಿ. ಡಾಕ್ಟರ್ ಮುಂದ ಏನೂ ಮುಚ್ಚಿಡಬ್ಯಾಡ್ರಿ, ಶುಗರ್ ಗುಳಿಗಿ ತಗೋತಿದ್ರ ಹೇಳ್ರಿ. ಒಂದು ರೂಪಾಯಿನೂ ಸ್ಕೂಲಿಗೆ ಕಟ್ಟೋಕಿಂತ ಮೊದಲ ಈ ಕೆಲಸ ಮುಗೀಬೇಕು.

ಕಾಗದದ ವಿಷಯದಾಗ ನಮ್ಮ ಕಡೆಯವ್ರಿಗೆ ಒಂದು ಖಾಸ ತೊಂದ್ರಿ ಐತಿ, ಅದು ಹೆಸರು. ಮಾರ್ಕ್ಸ್ ಕಾರ್ಡಿನಾಗ ಒಂದು ನಮೂನಿ, ಆಧಾರದಾಗ ಅಡ್ಡಹೆಸರು ಹಿಂದ-ಮುಂದ, ಪಾಸ್‌ಪೋರ್ಟಿನಾಗ ಅಪ್ಪನ ಹೆಸರು ನಡುವ, ಎಲ್ಲಾದ್ರಾಗೂ ಸ್ಪೆಲಿಂಗ್ ಬ್ಯಾರೆ. ಲೈಸನ್ಸಿನ ಅರ್ಜಿ ಎಲ್ಲಾ ಇಜಿಸಿಎ ಅನ್ನೋ ಪೋರ್ಟಲ್ ಮ್ಯಾಲ ಹೋಗ್ತಾವ, ಅಲ್ಲೆ ಹೆಸರು ಹೊಂದಲಿಲ್ಲಂದ್ರ ಅರ್ಜಿ ಹೊಳ್ಳಿ ಬರ್ತೈತಿ. ಹತ್ತನೇತ್ತಿ ಮಾರ್ಕ್ಸ್ ಕಾರ್ಡಿನಾಗ ಹೆಂಗ ಐತೋ ಹಂಗ ಉಳದದ್ದೆಲ್ಲಾ ಮಾಡಿಸ್ಕೋರಿ, ಇದಕ್ಕ ತಿಂಗಳುಗಟ್ಲೆ ಹಿಡೀಬಹುದು, ಅದಕ್ಕ ಇವತ್ತ ಶುರು ಮಾಡ್ರಿ.

ಹೆಜ್ಜಿ ಎರಡು: ಊರಾಗ ಕುಂತು ಗಾಳಿ ಕಲಿಯೋದು

ಈ ಹೆಜ್ಜಿ ಮ್ಯಾಲ ನಂಗ ಭಾಳ ಪ್ರೀತಿ, ಅದಕ್ಕ ಸ್ವಲ್ಪ ಉದ್ದ ಬರೀತೇನಿ. ಮೈಕ್ರೋಲೈಟ್ ಹಗುರ ಇರ್ತೈತಿ, ಗಂಟೆಕ್ಕ 80 ರಿಂದ 120 ಕಿಲೋಮೀಟರ್ ಓಡ್ತೈತಿ, ಅಂಥಾದ್ದಕ್ಕ ಗಂಟೆಕ್ಕ 25 ಕಿಲೋಮೀಟರ್ ಗಾಳಿ ಅಂದ್ರ ಸಣ್ಣ ಮಾತಲ್ಲ. ದೊಡ್ಡ ವಿಮಾನದ ಪೈಲಟ್ ಗಮನಿಸದ ಗಾಳಿ ನಿಮ್ಮನ್ನ ರನ್‌ವೇ ಬಿಟ್ಟು ಹೊರಗ ಒಯ್ತೈತಿ. ಹಾರಾಟ ಕಲಿಯೋದಂದ್ರ ಅರ್ಧಕ್ಕರ್ಧ ಗಾಳಿ ಓದೋದು, ಗಾಳಿ ಓದೋದು ಕಲಿಯಾಕ ಗದಗಕ್ಕಿಂತ ಚಲೋ ಜಾಗ ಯಾವುದೈತಿ ಹೇಳ್ರಿ, ಕಪ್ಪತಗುಡ್ಡದ ಸುತ್ತ ಅಷ್ಟು ಗಾಳಿ ವಿದ್ಯುತ್ ಕಂಬ ಸುಮ್ನ ನೆಟ್ಟಿಲ್ಲ.

ಮುಂಜಾನೆ ಆರೂವರೆಗೆ, ಮಧ್ಯಾಹ್ನ ಎರಡಕ್ಕ, ಸಂಜಿಕ ಐದಕ್ಕ ಮನಿ ಮಾಳಿಗಿ ಮ್ಯಾಲ ಹೋಗಿ ಗಾಳಿ ಎಲ್ಲಿಂದ ಬರ್ತೈತಿ, ಎಷ್ಟು ಜೋರು, ಒಂದ ಸಮ ಐತೋ ಝಳಪು ಝಳಪಾಗಿ ಬಡೀತೈತೋ ಅಂತ ವಹಿನಾಗ ಬರೀರಿ. ಬರದ ಮ್ಯಾಲ ಹುಬ್ಬಳ್ಳಿ ಅಥವಾ ಬೆಳಗಾವಿ ಏರ್‌ಪೋರ್ಟಿನ ಮೆಟಾರ್ ತಗದು ತಾಳೆ ನೋಡ್ರಿ. ಮೆಟಾರ್ ಅಂದ್ರ ಏರ್‌ಪೋರ್ಟಿನ ಹವಾಮಾನದ ಚುಟುಕು ವರದಿ, ಅದ್ರಾಗ 26012 ಅಂತ ಇದ್ರ ಗಾಳಿ 260 ಡಿಗ್ರಿ ದಿಕ್ಕಿನಿಂದ 12 ನಾಟ್ ಬೀಸಾಕತ್ತೈತಿ ಅಂತ ಅರ್ಥ. ಒಂದು ನಾಟ್ ಅಂದ್ರ ಗಂಟೆಕ್ಕ 1.852 ಕಿಲೋಮೀಟರ್, ಅಂದ್ರ 12 ನಾಟ್ ಗಂಟೆಕ್ಕ ಸುಮಾರು 22 ಕಿಲೋಮೀಟರ್. ಗಾಳಿ ದಿಕ್ಕು ಯಾವಾಗ್ಲೂ ಬರೋ ಕಡೆಯಿಂದ ಹೇಳ್ತಾರ, ಹೋಗೋ ಕಡೆ ಅಲ್ಲ.

ಈಗ ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಏರ್‌ಪೋರ್ಟ್ ತಗೋರಿ. ರನ್‌ವೇ 08/26, ಅಂದ್ರ ಒಂದು ತುದಿಯಿಂದ 80 ಡಿಗ್ರಿ ಕಡೆ ಮುಖ, ಇನ್ನೊಂದರಿಂದ 260 ಕಡೆ. ವಿಮಾನ ಗಾಳಿಗೆ ಎದುರಾಗಿ ಏರ್ತೈತಿ, ಎದುರಾಗಿ ಇಳೀತೈತಿ, ಮಳಿಗಾಲದಾಗ ಪಡುವಣ ಗಾಳಿ ಇರೋದ್ರಿಂದ 26 ಉಪಯೋಗಕ್ಕ ಬರ್ತೈತಿ. ಗಾಳಿ 230 ರಿಂದ 12 ನಾಟ್ ಇದ್ರ ರನ್‌ವೇಗೂ ಗಾಳಿಗೂ ನಡುವ 30 ಡಿಗ್ರಿ. 30 ಡಿಗ್ರಿಗೆ ಅಡ್ಡಗಾಳಿ ಅರ್ಧ, ಅಂದ್ರ 6 ನಾಟ್. 60 ಡಿಗ್ರಿ ಆದ್ರ ಹತ್ರಹತ್ರ ಪೂರ್ತಿ, ನೂರಕ್ಕ 87 ರಷ್ಟು. ಈ ಲೆಕ್ಕ ಬಾಯಾಗ ಬರೋ ತನಕ ದಿನಾ ಮಾಡ್ರಿ. ಪ್ರತಿ ವಿಮಾನಕ್ಕೂ ಅದರ ಕೈಪಿಡಿಯೊಳಗ ಅಡ್ಡಗಾಳಿ ಮಿತಿ ಬರದಿರ್ತಾರ, ಕಲಿಯೋರ ಮಿತಿ ಅದಕ್ಕಿಂತ ಕಡಿಮಿ ಇರ್ಬೇಕು, ಅದನ್ನ ನಿಮ್ಮ ಇನ್‌ಸ್ಟ್ರಕ್ಟರ್ ಹೇಳ್ತಾರ.

ಬ್ಯಾಸಗಿ ಬಿಸಿಲಿನ ಕಥಿ ಬ್ಯಾರೇನ. ಮಾರ್ಚ್-ಏಪ್ರಿಲ್‌ನಾಗ ಎರಿ ಹೊಲ ಕಾದು ಕೆಂಡ ಆಗ್ತೈತಿ, ಅದರ ಮ್ಯಾಲಿನ ಗಾಳಿ ಬಿಸಿಯಾಗಿ ಮ್ಯಾಲ ಏರ್ತೈತಿ, ಪಕ್ಕದ ಕೆರಿ ಮ್ಯಾಲ ಅದ ಗಾಳಿ ಕೆಳಗ ಇಳೀತೈತಿ, ಇದರ ನಡುವ ಸಣ್ಣ ವಿಮಾನ ಕುಣೀತೈತಿ. ಗಿಡಗದಂಥ ಹಕ್ಕಿ ರೆಕ್ಕಿ ಬಡೀದ ಸುತ್ತಹಾಕಿ ಮ್ಯಾಲ ಏರೋದು ಕಂಡ್ರ ಅಲ್ಲೆ ಬಿಸಿಗಾಳಿ ಐತಿ ಅಂತ ತಿಳೀರಿ. ಅದಕ್ಕ ಮೈಕ್ರೋಲೈಟ್ ಪಾಠ ಎಲ್ಲಾ ಕಡೆನೂ ಮುಂಜಾನೆ ಹೊತ್ತು ಇಲ್ಲಾ ಸಂಜಿಮುಂದ ಇರ್ತಾವ. ಏಪ್ರಿಲ್-ಮೇದಾಗ ಮಧ್ಯಾಹ್ನ ಮೂರರ ನಂತ್ರ ಗುಡುಗಿನ ಮೋಡ ಎದ್ದಾಗ ಮಳಿ ಬರೋಕಿಂತ ಮೊದಲ ಧೂಳೆಬ್ಬಿಸ್ಕೊಂಡು ಗಾಳಿ ನುಗ್ಗತೈತಲ್ಲ, ಅದು ಮೋಡದಿಂದ ಕೆಳಗ ಬಿದ್ದ ತಣ್ಣನ ಗಾಳಿ ನೆಲಕ್ಕ ಬಡದು ಹರಡೋದು, ಮೋಡ ಇನ್ನೂ ದೂರ ಇದ್ದಾಗ್ಲೇ ಅದು ಬಂದು ಮುಟ್ಟತೈತಿ. ಗುಡುಗು ಕೇಳಿಸ್ತು ಅಂದ್ರ ವಿಮಾನ ಹ್ಯಾಂಗರ್ ಒಳಗ, ಬ್ಯಾರೆ ಮಾತಿಲ್ಲ.

ಬಿಸಿಲಿಗೆ ಇನ್ನೊಂದು ಲೆಕ್ಕ ಐತಿ, ಇದನ್ನ ಭಾಳ ಮಂದಿ ಮರೀತಾರ. ಹುಬ್ಬಳ್ಳಿ ಏರ್‌ಪೋರ್ಟ್ ಸಮುದ್ರಮಟ್ಟಕ್ಕಿಂತ ಸುಮಾರು 2,170 ಅಡಿ ಎತ್ತರ. ಸ್ಟಾಂಡರ್ಡ್ ಲೆಕ್ಕದಾಗ ಸಮುದ್ರಮಟ್ಟದಾಗ 15 ಡಿಗ್ರಿ, ಸಾವಿರ ಅಡಿಗೆ ಸುಮಾರು 2 ಡಿಗ್ರಿ ಕಡಿಮಿ, ಅಂದ್ರ ಇಲ್ಲೆ 11 ಡಿಗ್ರಿ ಇರ್ಬೇಕಿತ್ತು. ಏಪ್ರಿಲ್ ಮಧ್ಯಾಹ್ನ 36 ಐತಿ ಅನ್ಕೋರಿ, 25 ಡಿಗ್ರಿ ಹೆಚ್ಚು. ಒಂದು ಡಿಗ್ರಿಗೆ 120 ಅಡಿ ಹಿಡದ್ರ 3,000 ಅಡಿ. ಅಂದ್ರ ವಿಮಾನಕ್ಕ ತಾನು 5,200 ಅಡಿ ಎತ್ತರದಾಗ ಇದ್ದಂಗ ಅನಸ್ತೈತಿ. ಸಾವಿರ ಅಡಿಗೆ ನೂರಕ್ಕ 3 ರಷ್ಟು ಇಂಜಿನ್ ಶಕ್ತಿ ಇಳೀತೈತಿ ಅಂತ ಹಿಡದ್ರ ಏಳರಾಗ ಒಂದು ಪಾಲು ಶಕ್ತಿ ಹೋತು, ರೆಕ್ಕಿಗೂ ಗಾಳಿ ತೆಳ್ಳಗಾತು, ಪ್ರೊಪೆಲರ್‌ಗೂ ತೆಳ್ಳಗಾತು. ಮುಂಜಾನೆ ಆರಾಮ ಏರಿದ ವಿಮಾನ ಮಧ್ಯಾಹ್ನ ರನ್‌ವೇ ತುದಿ ತನಕ ಓಡ್ತೈತಿ. ಬೆಂಗಳೂರಿನ ಎತ್ತರ ಇನ್ನೂ ಜಾಸ್ತಿ, ಸುಮಾರು 3,000 ಅಡಿ, ಹಂಗಾಗಿ ಅಲ್ಲೂ ಇದ ಲೆಕ್ಕ ಬೇಕು.

ಹಕ್ಕಿ ವಿಷಯನೂ ಇಲ್ಲೇ ಹೇಳಿಬಿಡ್ತೇನಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಹಿಂಡಹಿಂಡಾಗಿ ಬರ್ತಾವ, ಹಗಲು ಹೊಲಕ್ಕ ಮೇಯಾಕ ಹೋಗಿ ಕೆರಿಗೆ ಹೊಳ್ಳಿ ಬರ್ತಾವ. ನೋಡಾಕ ಅಷ್ಟು ಚಂದ, ಆದ್ರ ಎರಡು-ಮೂರು ಕೆಜಿ ಹಕ್ಕಿ ಒಂದು ವಿಂಡ್‌ಸ್ಕ್ರೀನ್‌ಗೆ ಬಡದ್ರ ಸಣ್ಣ ವಿಮಾನ ತಡಿಯಂಗಿಲ್ಲ. ಯಾವ ಊರಾಗ ಹಾರಿಸಿದ್ರೂ ಅಲ್ಲಿ ಕೆರಿ, ಕಸದ ಗುಡ್ಡಿ, ಹಕ್ಕಿ ಓಡಾಡೋ ಹೊತ್ತು ತಿಳ್ಕೊಂಡೇ ಹಾರ್ರಿ.

ಹೆಜ್ಜಿ ಮೂರು: ಸ್ಕೂಲ್ ಹುಡುಕೋದು

ನಮಗ ಹತ್ರದಾಗ ಬೆಳಗಾವಿ ಸಾಂಬ್ರಾದಾಗ, ಆ ಕಡೆ ಕಲಬುರಗಿಯಾಗ ಫ್ಲೈಯಿಂಗ್ ಸ್ಕೂಲ್ ಅದಾವ, ಆದ್ರ ಅವು ಮುಖ್ಯವಾಗಿ ಕಮರ್ಷಿಯಲ್ ಪೈಲಟ್ ಆಗೋರಿಗೆ. ಮೈಕ್ರೋಲೈಟ್ ಅಂದ್ರ ಕರ್ನಾಟಕದಾಗ ಮೊದಲ ನೆನಪಾಗೋದು ಬೆಂಗಳೂರಿನ ಜಕ್ಕೂರು. ಸ್ವಾತಂತ್ರ್ಯ ಬಂದ ಹೊಸ್ತಾಗಿಂದ ಅಲ್ಲೆ ಹಾರಾಟ ಕಲಸ್ತಾ ಬಂದಾರ. ರಾತ್ರಿ ಟ್ರೇನ್ ಹತ್ತಿದ್ರ ಮುಂಜಾನೆ ಯಶವಂತಪುರ, ಅಲ್ಲಿಂದ ಜಕ್ಕೂರು ದೂರಿಲ್ಲ. 2023ರ ಜೂನ್‌ದಿಂದ ಧಾರವಾಡ-ಬೆಂಗಳೂರು ವಂದೇ ಭಾರತನೂ ಐತಿ, ಆದ್ರ ಪಾಠ ಮುಂಜಾನೆ ಇರೋದ್ರಿಂದ ಹಿಂದಿನ ದಿನಾನ ಹೋಗಿ ಉಳ್ಕೊಳ್ಳೋದ ಸರಿ.

ಶನಿವಾರ-ರವಿವಾರ ಅಂತ ತಿಂಗಳಿಗೊಮ್ಮೆ ಹೋಗಿ ಕಲಿಯೋ ಪ್ಲಾನ್ ಬ್ಯಾಡ್ರಿ. ಕೈ ಕಲ್ತದ್ದು ಎರಡು ವಾರಕ್ಕ ಮರೀತೈತಿ, ಪ್ರತಿ ಸಲ ಹಳೇ ಪಾಠಕ್ಕ ರೊಕ್ಕ ಕೊಟ್ಟಂಗ ಆಗ್ತೈತಿ. ರಜಾ ಕೂಡಿಸಿಟ್ಟು ನವೆಂಬರ್‌ದಿಂದ ಫೆಬ್ರವರಿ ಒಳಗ ಒಂದ ಸಲಕ್ಕ ಕುಂದರ್ರಿ, ಗಾಳಿ ಶಾಂತ, ಆಕಾಶ ಸ್ವಚ್ಛ, ಮುಂಜಾನೆ ಮಂಜು ಬಿದ್ರ ಒಂದು ತಾಸು ಕಾಯೋದು ಅಷ್ಟ.

ರೊಕ್ಕ ಕಟ್ಟೋಕಿಂತ ಮೊದಲ ಒಂದು ಪರಿಚಯದ ಪಾಠ ತಗೋರಿ. ಜಾಯ್‌ರೈಡ್ ಬ್ಯಾರೆ, ಪಾಠ ಬ್ಯಾರೆ. ಜಾಯ್‌ರೈಡಿನಾಗ ನೀವು ಪ್ಯಾಸೆಂಜರ್, ಪಾಠದಾಗ ಸ್ಟಿಕ್ ನಿಮ್ಮ ಕೈಯಾಗ ಇರ್ತೈತಿ, ಲಾಗ್‌ಬುಕ್ಕಿನಾಗ ಆ ಗಂಟಿ ಬರೀತಾರ. ಸ್ಕೂಲಿನವ್ರನ್ನ ಸಂಕೋಚ ಇಲ್ಲದ ಕೇಳ್ರಿ: ನಿಮಗ ಮೈಕ್ರೋಲೈಟ್ ತರಬೇತಿಗೆ ಡಿಜಿಸಿಎ ಒಪ್ಪಿಗಿ ಐತೇನ್ರಿ, ಇನ್‌ಸ್ಟ್ರಕ್ಟರ್ ರೇಟಿಂಗ್ ಚಾಲ್ತಿಯಾಗ ಐತೇನ್ರಿ, ವಿಮಾನದ ಕಾಗದ ಮತ್ತ ಇನ್ಶೂರೆನ್ಸ್ ಯಾವತ್ತಿನ ತನಕ ಅದಾವು, ಒಂದು ವಿಮಾನ ರಿಪೇರಿಗೆ ಹೋದ್ರ ಇನ್ನೊಂದು ಐತೇನು, ಹವಾಮಾನ ಕೆಟ್ಟು ಹಾರದ ದಿನಕ್ಕ ರೊಕ್ಕ ಹಿಡೀತೀರೇನು, ಗಂಟಿ ಲೆಕ್ಕ ಇಂಜಿನ್ ಚಾಲೂ ಆದಾಗಿಂದೋ ಗಾಲಿ ಎದ್ದಾಗಿಂದೋ. ಉತ್ತರ ಕಾಗದದ ಮ್ಯಾಲ ತಗೋರಿ. ಕೇಳಿದ್ದಕ್ಕ ಬ್ಯಾಸರ ಮಾಡ್ಕೊಳ್ಳೋ ಸ್ಕೂಲ್ ನಿಮಗ ಬ್ಯಾಡ. ಪೂರ್ತಿ ಫೀ ಒಂದ ಸಲಕ್ಕ ಕೊಡಬ್ಯಾಡ್ರಿ, ಹಾರಿದಷ್ಟಕ್ಕ ಕೊಡ್ಕೋಂತ ಹೋಗ್ರಿ. ಬಜೆಟ್ ಮಾಡೋವಾಗ ರೂಲಿನ ಕನಿಷ್ಠ ಗಂಟಿಗೆ ಮಾತ್ರ ಗುಣಿಸಬ್ಯಾಡ್ರಿ, ಪಿಪಿಎಲ್‌ಗೆ ಕನಿಷ್ಠ 40 ಗಂಟಿ ಅಂತ ಐತಿ, ಯಾವ ಲೈಸನ್ಸ್ ಆದ್ರೂ ಕನಿಷ್ಠದಾಗ ಮುಗಿಸೋರು ಕಡಿಮಿ, ಅದರ ಮ್ಯಾಲ ಕಾಲು ಭಾಗ ಹೆಚ್ಚು ತಗದಿಡ್ರಿ. ರೂಮಿಂದು, ಊಟದ್ದು, ಮೆಡಿಕಲ್‌ದು, ಪರೀಕ್ಷೆದು ಬ್ಯಾರೆ.

ಮನ್ಯಾಗ ಅವ್ವ ಹೆದರ್ತಾಳ ಅಂತ ಮುಚ್ಚಿಟ್ಟು ಹೋಗಬ್ಯಾಡ್ರಿ. ಸಾಧ್ಯ ಆದ್ರ ಮೊದಲ ಸಲ ಮನಿಯವ್ರನ್ನೂ ಕರ್ಕೊಂಡು ಹೋಗಿ ವಿಮಾನ, ಇನ್‌ಸ್ಟ್ರಕ್ಟರ್ ಎರಡನ್ನೂ ತೋರಸ್ರಿ, ಅವರ ಪ್ರಶ್ನೆಗೆ ಇನ್‌ಸ್ಟ್ರಕ್ಟರ್ ಬಾಯಿಂದ್ಲೇ ಉತ್ತರ ಬರ್ಲಿ.

ಹೆಜ್ಜಿ ನಾಲ್ಕು: ಸ್ಟೂಡೆಂಟ್ ಲೈಸನ್ಸ್ ಮತ್ತ ನೆಲದ ಪಾಠ

ಸ್ಟೂಡೆಂಟ್ ಲೈಸನ್ಸಿಗೆ ವಿಮಾನಯಾನ ನಿಯಮ, ದಿಕ್ಕು-ದಾರಿ ಲೆಕ್ಕ, ಹವಾಮಾನ, ವಿಮಾನ ಮತ್ತ ಇಂಜಿನ್ ಬಗ್ಗೆ ಕೇಳ್ತಾರ. ಹೆಜ್ಜಿ ಎರಡು ಸರಿ ಮಾಡಿದವ್ರಿಗೆ ಇದು ಕಷ್ಟ ಅಲ್ಲ. ನಿಯಮಕ್ಕ 1937ರ ಏರ್‌ಕ್ರಾಫ್ಟ್ ರೂಲ್ಸ್ ನೋಡ್ರಿ, ಲೈಸನ್ಸ್ ವಿಷಯ ಎಲ್ಲಾ ಅದರ ಶೆಡ್ಯೂಲ್ 2ರಾಗ ಐತಿ. ಮ್ಯಾಲಿನ ಕಾಯ್ದೆ ಮಾತ್ರ ಹೊಸದು, 1934ರ ಏರ್‌ಕ್ರಾಫ್ಟ್ ಆಕ್ಟ್ ಹೋಗಿ 2025ರ ಜನವರಿ 1 ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದೈತಿ. ಹಳೇ ನೋಟ್ಸ್ ಓದೋರು ಇದನ್ನ ಗಮನಿಸ್ರಿ.

ನೆಲದ ಪಾಠದಾಗ ಎರಡು ವಿಷಯ ಜೀವ ಉಳಸೋವು. ಒಂದು ಸ್ಟಾಲ್. ಇಂಜಿನ್ ಬಂದ್ ಆಗೋದಕ್ಕ ಸ್ಟಾಲ್ ಅನ್ನೋದು ರೋಡಿನ ಭಾಷೆ, ವಿಮಾನದಾಗ ಸ್ಟಾಲ್ ಅಂದ್ರ ರೆಕ್ಕಿ ವಿಮಾನಾನ ಎತ್ತಿ ಹಿಡಿಯೋದನ್ನ ನಿಲ್ಲಿಸೋದು. ಪಟ ಹಾರಿಸಿದವ್ರಿಗೆ ಇದು ಕೈಗೇ ಗೊತ್ತೈತಿ: ಸೂತ್ರ ಸರಿ ಕಟ್ಟಿದ್ರ ಪಟ ಗಾಳಿಗೆ ಸರಿಯಾದ ಓರೆಯಾಗ ನಿಂತು ಏರ್ತೈತಿ, ಓರೆ ಹೆಚ್ಚಾತು ಅಂದ್ರ ಗಾಳಿ ಎಷ್ಟ ಇದ್ರೂ ಗೋತಾ ಹೊಡೀತೈತಿ. ರೆಕ್ಕಿಗೂ ಅಂಥಾ ಓರೆ ಮಿತಿ ಐತಿ, ಸುಮಾರು 15 ಡಿಗ್ರಿ, ಅದನ್ನ ದಾಟಿದ್ರ ಯಾವ ಸ್ಪೀಡಿನಾಗ ಆದ್ರೂ ಸ್ಟಾಲ್ ಆಗ್ತೈತಿ. ಬಿಡಿಸೋ ದಾರಿ ಒಂದ, ಸ್ಟಿಕ್ ಮುಂದ ಬಿಟ್ಟು ಓರೆ ಇಳಸೋದು. ಕೆಳಗ ನೆಲ ಕಾಣೋವಾಗ ಸ್ಟಿಕ್ ಮುಂದ ಒತ್ತಾಕ ಮನಸ್ಸು ಒಪ್ಪಂಗಿಲ್ಲ, ಅದಕ್ಕ ಇದನ್ನ ಎತ್ತರದಾಗ ಇನ್‌ಸ್ಟ್ರಕ್ಟರ್ ಜೋಡಿ ಮತ್ತಮತ್ತ ಮಾಡ್ಬೇಕು. ಓರೆಯಾಗಿ ತಿರಗೋವಾಗ ಸ್ಟಾಲ್ ಸ್ಪೀಡ್ ಏರ್ತೈತಿ ಅನ್ನೋದೂ ನೆನಪಿರ್ಲಿ: 45 ಡಿಗ್ರಿ ವಾಲಿದ್ರ ನೂರಕ್ಕ 19, 60 ಡಿಗ್ರಿ ವಾಲಿದ್ರ ನೂರಕ್ಕ 41 ಹೆಚ್ಚು. ಇಳಿಯೋ ಮುಂಚೆ ಕಡೀ ತಿರುವಿನಾಗ ಸ್ಪೀಡ್ ಕಡಿಮಿ ಇಟ್ಟು ಜೋರ ವಾಲಿಸೋರು ಇದಕ್ಕ ಸಾಯ್ತಾರ.

ಇನ್ನೊಂದು ತೂಕ. ಉದಾಹರಣೆಗೆ ಒಂದು ವಿಮಾನದ ಮಿತಿ 450 ಕೆಜಿ, ಖಾಲಿ ತೂಕ 270 ಅನ್ಕೋರಿ. ಉಳದದ್ದು 180. ಪೆಟ್ರೋಲ್ ಒಂದು ಲೀಟರ್ ಸುಮಾರು 0.72 ಕೆಜಿ, 40 ಲೀಟರ್ ಅಂದ್ರ 29 ಕೆಜಿ. ಇಬ್ಬರು ಮನುಷ್ಯಾರಿಗೆ ಸಿಕ್ಕಿದ್ದು 151 ಕೆಜಿ. ನೀವು 80, ಇನ್‌ಸ್ಟ್ರಕ್ಟರ್ 75 ಇದ್ರ ಆಗಂಗಿಲ್ಲ, ಪೆಟ್ರೋಲ್ ಇಳಸ್ಬೇಕು. ತೂಕ ಕೇಳಿದ್ರ ಖರೆ ತೂಕ ಹೇಳ್ರಿ, ಬೂಟು ಬ್ಯಾಗು ಸೇರಿಸಿ.

ಹೆಜ್ಜಿ ಐದು: ಹಾರಾಟ

ಪ್ರತಿ ಪಾಠನೂ ವಿಮಾನದ ಸುತ್ತ ನಡದು ನೋಡೋದ್ರಿಂದ ಶುರು. ರೆಕ್ಕಿ ಬೋಲ್ಟು, ಅದರ ಸೇಫ್ಟಿ ಪಿನ್ನು, ಬಟ್ಟಿ ಹರದೈತೇನು, ಪ್ರೊಪೆಲರ್ ತುದಿ ಕಲ್ಲು ಬಡದು ಚಕ್ಕಿ ಎದ್ದೈತೇನು, ಟೈರ್ ಗಾಳಿ, ಸ್ಟಿಕ್ ಪೂರ್ತಿ ಆಡ್ತೈತೇನು, ಸರಿಯಾದ ದಿಕ್ಕಿಗೆ ಆಡ್ತೈತೇನು. ಟ್ಯಾಂಕಿನ ಕೆಳಗಿಂದ ಸ್ವಲ್ಪ ಪೆಟ್ರೋಲ್ ಗ್ಲಾಸಿಗೆ ಬಿಟ್ಟು ನೀರು ಐತೇನು ನೋಡ್ರಿ. ಇಲ್ಲೊಂದು ಮಾತು: ನಮ್ಮ ಬಂಕುಗಳಾಗ ಈಗ ಬರೋದು ಇ20, ನೂರಕ್ಕ 20 ಎಥನಾಲ್. ರೋಟಾಕ್ಸ್ 912 ಇಂಜಿನ್ನಿಗೆ ಕಂಪನಿ ಒಪ್ಪಿರೋದು ನೂರಕ್ಕ 10 ತನಕ. ಎಥನಾಲ್ ನೀರು ಹೀರ್ಕೋತೈತಿ, ರಬ್ಬರ್ ಪೈಪ್ ಹಾಳ ಮಾಡ್ತೈತಿ, ಅದಕ್ಕ ವಿಮಾನಕ್ಕ ಯಾವ ಪೆಟ್ರೋಲ್ ಹಾಕ್ತಾರ ಅಂತ ಕೇಳೋದು ನಿಮ್ಮ ಹಕ್ಕು. ರೋಟಾಕ್ಸ್ 582 ಟೂ-ಸ್ಟ್ರೋಕ್ ಇದ್ದು ಆಯಿಲ್ ಪೆಟ್ರೋಲ್‌ನಾಗ ಬೆರಸೋದಾದ್ರ 50 ಲೀಟರಿಗೆ 1 ಲೀಟರ್ ಲೆಕ್ಕ, ಇಂಜಿನ್ ಪೂರ್ತಿ ಬೆಚ್ಚಗಾಗೋ ತನಕ ಕಾಯ್ರಿ, ತಣ್ಣಗಿದ್ದಾಗ ಪೂರ್ತಿ ಥ್ರಾಟಲ್ ಕೊಟ್ರ ಪಿಸ್ಟನ್ ಹಿಡಕೋತೈತಿ. ಪ್ರೊಪೆಲರ್ ಹತ್ರ ಹೋಗೋವಾಗ ಇಂಜಿನ್ ಯಾವಾಗ ಬೇಕಾದ್ರೂ ಚಾಲೂ ಆಗಬಹುದು ಅಂತಾನ ತಿಳೀರಿ.

ಮೊದಲ ಪಾಠಗಳಾಗ ನೆಟ್ಟಗ ಒಂದ ಎತ್ತರದಾಗ ಹಾರೋದು, ಏರೋದು, ಇಳಿಯೋದು, ತಿರಗೋದು. ಇವು ಲಗೂನ ಬರ್ತಾವ. ಮೀಟರ್ ನೋಡೋದು ಕಡಿಮಿ ಮಾಡಿ ದಿಗಂತ ನೋಡ್ರಿ, ಮೂತಿ ದಿಗಂತಕ್ಕಿಂತ ಎಷ್ಟು ಕೆಳಗ ಐತಿ ಅನ್ನೋದರ ಮ್ಯಾಲ ಸ್ಪೀಡ್ ನಿಂತೈತಿ. ಸ್ಟಿಕ್ ಬಿಗಿಯಾಗಿ ಹಿಡೀಬ್ಯಾಡ್ರಿ, ಎರಡು ಬೆರಳಿನಾಗ ಹಿಡದ್ರ ಸಾಕು, ವಿಮಾನ ತಾನಾ ಹಾರ್ತೈತಿ.

ಆಮ್ಯಾಲ ಬರೋದು ಸರ್ಕಿಟ್, ರನ್‌ವೇ ಸುತ್ತ ಚೌಕಾಗಿ ಸುತ್ತಿ ಇಳಿಯೋದು, ಮತ್ತ ಏರೋದು, ಮತ್ತ ಇಳಿಯೋದು. ಇಲ್ಲೇ ಬಹಳ ಗಂಟಿ ಹೋಗ್ತಾವ, ಇಲ್ಲೇ ಮಂದಿ ಧೈರ್ಯ ಕಳ್ಕೋತಾರ. ಮೈಕ್ರೋಲೈಟ್ ಹಗುರ, ಗಾಳಿ ತಡಿಯೋದು ಹೆಚ್ಚು, ಅದಕ್ಕ ಥ್ರಾಟಲ್ ತಗದ ಕ್ಷಣಕ್ಕ ಸ್ಪೀಡ್ ಬೀಳ್ತೈತಿ, ಕೂಡ್ಲೇ ಮೂತಿ ಇಳಸ್ಬೇಕು. ನೆಲದ ಹತ್ರ ಬಂದಂಗ ಎದುರುಗಾಳಿನೂ ಕಡಿಮಿ ಆಗ್ತೈತಿ, ಅದಕ್ಕ ಗಾಳಿ ಇದ್ದ ದಿನ ಇನ್‌ಸ್ಟ್ರಕ್ಟರ್ ಹೇಳಿದಷ್ಟು ಸ್ಪೀಡ್ ಹೆಚ್ಚಿಗಿ ಇಟ್ಟು ಬರ್ರಿ. ಇಳಿಯೋವಾಗ ಕಣ್ಣು ಗಾಲಿ ಮುಂದಿನ ನೆಲದ ಮ್ಯಾಲ ಬ್ಯಾಡ, ರನ್‌ವೇ ಆ ಕಡೀ ತುದಿ ಮ್ಯಾಲ ಇರ್ಲಿ, ಆಗ ನೆಲ ಮ್ಯಾಲ ಬರೋದು ಕಣ್ಣಂಚಿನಾಗ ಗೊತ್ತಾಗ್ತೈತಿ. ಮೂತಿ ಸಾವಕಾಶ ಎತ್ತಿ, ನೆಲಕ್ಕ ತೀರಾ ಹತ್ರ ತೇಲಿಸ್ಕೋಂತ, ಇಳಿಯಾಕ ಬಿಡಲಾರ್ದಂಗ ಹಿಡೀರಿ, ಸ್ಪೀಡ್ ಮುಗದ ಮ್ಯಾಲ ಹಿಂದಿನ ಗಾಲಿ ತಾವ ಕುಂದರ್ತಾವ. ಸರಿ ಅನಸ್ಲಿಲ್ಲ, ಪುಟದತು, ವಾಲಿತು, ಪೂರ್ತಿ ಥ್ರಾಟಲ್ ಕೊಟ್ಟು ಮತ್ತೊಂದು ಸುತ್ತ ಹಾಕ್ರಿ. ಗೋ-ಅರೌಂಡ್ ಮಾಡೋದು ನಾಚಿಕಿ ವಿಷಯ ಅಲ್ಲ, ಕೆಟ್ಟ ಲ್ಯಾಂಡಿಂಗ್ ಸುಧಾರಿಸಾಕ ಹೋಗೋದು ಅಪಾಯ.

ಇಂಜಿನ್ ನಿಲ್ಲೋದು ಆಗಬಹುದಾದ ಮಾತು, ಅದಕ್ಕ ಪ್ರತಿ ಹಾರಾಟದಾಗೂ ತಯಾರ ಇರ್ಬೇಕು. ಏರೋವಾಗ ನಿಂತ್ರ ಮೂತಿ ಕೂಡ್ಲೇ ಕೆಳಗ, ಮುಂದ ಕಂಡಲ್ಲೇ ಇಳೀರಿ, ರನ್‌ವೇಗೆ ಹೊಳ್ಳಿ ಬರಾಕ ತಿರಗಬ್ಯಾಡ್ರಿ, ಅಷ್ಟು ಕಡಿಮಿ ಎತ್ತರದಾಗ ತಿರಗಿದವ್ರು ಸ್ಟಾಲ್ ಆಗಿ ಬೀಳ್ತಾರ. ಎತ್ತರದಾಗ ಇದ್ರ ಹೊತ್ತು ಸಿಗ್ತೈತಿ, ಸಾದಾ ಮೈಕ್ರೋಲೈಟ್ 1,000 ಅಡಿಯಿಂದ ಗಾಳಿ ಇಲ್ಲದಾಗ ಸುಮಾರು 2 ಕಿಲೋಮೀಟರ್ ಜಾರಿ ಹೋಗ್ತೈತಿ. ಜಾಗ ಆರಿಸೋದು ಮಾತ್ರ ಕಣ್ಣಿಗೆ ಬಿದ್ದ ರೂಢಿ, ಅದನ್ನ ಬಸ್ಸಿನ ಕಿಟಕಿಯಿಂದ್ಲೇ ಮಾಡ್ಬಹುದು. ಹುಬ್ಬಳ್ಳಿ-ಗದಗ ರೋಡಿನಾಗ ಹೋಗೋವಾಗ ಹೊಲ ನೋಡ್ರಿ: ಬಿಳಿಜೋಳ ಆಳೆತ್ತರ ಐತಿ, ಬ್ಯಾಡ. ಕಡ್ಲಿ ಹೊಲ ಗಿಡ್ಡ, ಅದು ನಡೀತೈತಿ. ಮಳಿಯಾಗ ಎರಿ ಮಣ್ಣು ಗಾಲಿ ಹಿಡದು ಪಲ್ಟಿ ಹೊಡಸ್ತೈತಿ. ಬದು ಯಾವ ಕಡೆ ಹಾದೈತಿ, ಸಾಲು ಯಾವ ದಿಕ್ಕಿಗೆ ಐತಿ, ಕರೆಂಟ್ ತಂತಿ ಮ್ಯಾಲಿಂದ ಕಾಣಂಗಿಲ್ಲ, ಕಂಬ ಮಾತ್ರ ಕಾಣ್ತೈತಿ, ಕಂಬ ಕಂಡ್ರ ತಂತಿ ಐತಿ ಅಂತಾನ ಲೆಕ್ಕ. ಗಾಳಿಕಂಬದ ಹಿಂದ ಗಾಳಿ ಸುಳಿ ಸುತ್ತತೈತಿ, ರೆಕ್ಕಿ ತುದಿ ಹಿಡದ್ರ 300 ಅಡಿ ದಾಟೋವು ಅದಾವ, ಅವುಗಳಿಂದ ದೂರ.

ಒಂದಿನ ಇನ್‌ಸ್ಟ್ರಕ್ಟರ್ ಬೆಲ್ಟ್ ಬಿಚ್ಚಿ ಇಳದು "ಒಂದು ಸರ್ಕಿಟ್ ಹೊಡ್ಕೊಂಡು ಬಾ" ಅಂತಾರ. ಅವರ ತೂಕ ಇಲ್ಲದ್ದಕ್ಕ ವಿಮಾನ ನೀವು ಎಣಿಸಿದ್ದಕ್ಕಿಂತ ಬ್ಯಾಗ ಏಳ್ತೈತಿ, ಜೋರ ಏರ್ತೈತಿ, ಇಳಿಯೋವಾಗ ಹೆಚ್ಚು ತೇಲ್ತೈತಿ. ಇದು ಮೊದಲ ಗೊತ್ತಿದ್ರ ಗಾಬರಿ ಆಗಂಗಿಲ್ಲ. ನೀವು ತಯಾರಿಲ್ಲ ಅನಸಿದ್ರ "ಇವತ್ತ ಬ್ಯಾಡ್ರಿ ಸರ್" ಅನ್ರಿ, ಚಲೋ ಇನ್‌ಸ್ಟ್ರಕ್ಟರ್ ಅದನ್ನ ಮೆಚ್ಚತಾರ.

ಈ ಸೋಲೋ, ಅಂದ್ರ ಒಬ್ಬರ ಹಾರೋದು, ಆದ ಮ್ಯಾಲ ಅಡ್ಡಗಾಳಿ, ಬಲವಂತದ ಲ್ಯಾಂಡಿಂಗ್, ನಕ್ಷೆ ಹಿಡದು ದೂರದ ಹಾರಾಟ, ರೇಡಿಯೋ ಮಾತು, ಕಡೀಕ ಪರೀಕ್ಷೆ ಮತ್ತ ಸ್ಕಿಲ್ ಟೆಸ್ಟ್. ರೇಡಿಯೋ ಮಾತಿಗೆ ಅಂಜೋರು ಭಾಳ. ಯಾರನ್ನ ಕರೀತೀರಿ, ನೀವ್ಯಾರು, ಎಲ್ಲಿದ್ದೀರಿ, ಏನ್ ಬೇಕು, ಈ ಆರ್ಡರ್ ಕನ್ನಡಿ ಮುಂದ ದಿನಾ ಜೋರಾಗಿ ಹೇಳಿ ರೂಢಿ ಮಾಡ್ಕೋರಿ, ಇಂಗ್ಲಿಷ್ ಹರಕ-ಮುರಕ ಇದ್ರೂ ಮಾತು ಚುಟುಕು, ಸ್ಪಷ್ಟ ಇದ್ರ ಸಾಕು.

ಲೈಸನ್ಸ್ ಬಂದ ಮ್ಯಾಲ

ಸ್ವಂತ ವಿಮಾನ ತಗೊಂಡು ಹಾವೇರಿ ಹೊಲದಾಗ ಇಟ್ಕೋತೇನಿ ಅನ್ನೋರಿಗೆ: ಅದಕ್ಕ ರಿಜಿಸ್ಟ್ರೇಶನ್, ವರ್ಷಾ ವರ್ಷ ತಪಾಸಣಿ, ಇನ್ಶೂರೆನ್ಸ್, ಇಳಿಯೋ ಜಾಗಕ್ಕ ಒಪ್ಪಿಗಿ, ಎಲ್ಲಾ ಬೇಕು. ಹುಬ್ಬಳ್ಳಿ ಏರ್‌ಪೋರ್ಟಿನ ಸುತ್ತ ಟವರ್ ಒಪ್ಪಿಗಿ ಇಲ್ಲದ ಕಾಲಿಡಂಗಿಲ್ಲ, ಸಾಂಬ್ರಾದಾಗ ವಾಯುಪಡೆ ಐತಿ, ಕಾರವಾರದಾಗ ನೌಕಾನೆಲಿ, ಕೈಗಾದಾಗ ಅಣುಸ್ಥಾವರ, ಆ ಕಡೆ ಎಲ್ಲಾ ಮನಸ್ಸಿಗೆ ಬಂದಂಗ ಹಾರಾಕ ಬರಂಗಿಲ್ಲ. ನನ್ನ ಸಲಹೆ ಅಂದ್ರ ಮೊದಲ ಎರಡು ವರ್ಷ ಕಲ್ತ ಸ್ಕೂಲಿನ ವಿಮಾನಾನೇ ಬಾಡಿಗಿ ತಗೊಂಡು ಹಾರಿಸ್ರಿ. ನಡುವ ತಿಂಗಳುಗಟ್ಲೆ ಗ್ಯಾಪ್ ಬಿದ್ರ ಇನ್‌ಸ್ಟ್ರಕ್ಟರ್ ಜೋಡಿ ಒಂದು ತಾಸು ಸರ್ಕಿಟ್ ಹೊಡದ ಮ್ಯಾಲನ ಒಬ್ಬರ ಹೋಗ್ರಿ, ಗೆಳ್ಯಾರನ್ನ ಪಕ್ಕದಾಗ ಕುಂದ್ರಿಸ್ಕೊಳ್ಳೋ ಮುಂಚೆ ನಿಮ್ಮ ಲೈಸನ್ಸ್ ಅದಕ್ಕ ಒಪ್ತೈತೋ ಇಲ್ಲೋ ಮತ್ತ ಇನ್ಶೂರೆನ್ಸ್ ಅವರನ್ನೂ ಹಿಡೀತೈತೋ ಇಲ್ಲೋ ಕಾಗದ ತಗದು ಓದ್ರಿ.